ನಂದಿಯಲ್ಲಿ ನಿಂತ ಗಾಡಿ

ನನಗೆ ಮೊಟ್ಟಮೊದಲು ಹೊಟ್ಟೆಕಿಚ್ಚಾದದ್ದು ಒಂದು ರೈಲಿನ ಮೇಲೆ. ಆಗ ನನಗೆ ಹತ್ತು ವರ್ಷ. ನಮ್ಮ ಮನೆ ಶಿಡ್ಲಘಟ್ಟದಲ್ಲಿ, ದೊಡ್ಡಮ್ಮನ ಮನೆ ಗೌರಿಬಿದನೂರಿನಲ್ಲಿ. ಎರಡು ಊರಿಗೂ ರೈಲಿತ್ತು. ಆದರೆ ಗೌರಿಬಿದನೂರಿನದು ಬೆಂಗಳೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ದೊಡ್ಡ ಗಾಡಿ. ನಮ್ಮದು ಬಂಗಾರಪೇಟೆಯಿಂದ ಹೊರಟು ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲವನ್ನೂ ಸುತ್ತಿಕೊಂಡು ಯಲಹಂಕಕ್ಕೆ ಬರುವ ಚಿಕ್ಕ ಗಾಡಿ. ದೊಡ್ಡಮ್ಮನ ಮಗಳು ದೊಡ್ಡ ಗಾಡಿಯವಳು, ನಾನು ಚಿಕ್ಕ ಗಾಡಿಯವಳು. ಅವಳು ನನಗಿಂತ ಮೂರು ತಿಂಗಳಿಗೆ ಹಿರಿಯಳು. ಅಷ್ಟಕ್ಕೇ ಅವಳನ್ನು ಅಕ್ಕ ಎನ್ನಬೇಕಾಗಿತ್ತು.

ಆ ವರ್ಷ ಬೇಸಿಗೆ ರಜೆಗೆ ಗೌರಿಬಿದನೂರಿಗೆ ಹೋದಾಗ ಅವಳು ನನ್ನನ್ನು ರೈಲ್ವೆ ಗೇಟಿನ ಹತ್ತಿರ ಕರೆದುಕೊಂಡು ಹೋದಳು. ಗೇಟು ಕಾಯುವವನು ಅತ್ತ ತಿರುಗಿದ್ದೇ ತಡ, ಹಳಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದು ಕಂಬಿಯಿಂದ ಇನ್ನೊಂದು ಕಂಬಿಯವರೆಗೆ ಗೇಣು ಹಾಕಿದಳು.

"ಆರು ಗೇಣು ಕಣೇ. ನಿಮ್ದೆಷ್ಟು?"

"ಅಳೆದಿಲ್ಲ ಅಕ್ಕ."

"ಊರಿಗೆ ಹೋದ್ಮೇಲೆ ಅಳೆದು ಕಾಗ್ದ ಬರಿ. ಮರೀಬೇಡ."

ನಾನು ಮರೆಯಲಿಲ್ಲ. ಊರಿಗೆ ಬಂದ ಮಾರನೆಯ ದಿನವೇ ಹೋಗಿ ಅಳೆದೆ. ನಾಲ್ಕೂವರೆ. ಬೆರಳನ್ನು ಎಷ್ಟು ಮುದುರಿ ಇಟ್ಟರೂ ಐದು ದಾಟಲಿಲ್ಲ. ಕಾಗದದಲ್ಲಿ ಐದೂವರೆ ಎಂದು ಬರೆದೆ. "ಅರ್ಧ ಗೇಣು ತಾನೇ ಕಮ್ಮಿ, ಬಿಡು" ಎಂದು ಅವಳ ಉತ್ತರ ಬಂತು. ಆ ಸಮಾಧಾನದ ಮಾತು ನನ್ನನ್ನು ಇನ್ನಷ್ಟು ಉರಿಸಿತು.

ದೊಡ್ಡಪ್ಪನಿಗೆ ನಮ್ಮ ಗಾಡಿಯೆಂದರೆ ಸದಾ ತಮಾಷೆ. ನಾನು ಅವರ ಮನೆಯ ಹೊಸಿಲು ದಾಟುವುದೇ ತಡ, "ಬಂದ್ಯೇನಮ್ಮ? ನಿಮ್ ರೈಲು ಹೊರಟ್ಮೇಲೆ ಎದ್ದು, ಮುಖ ತೊಳ್ದು, ರೊಟ್ಟಿ ತಿಂದು ಜಟಕಾ ಹತ್ತಿದ್ರೂ ಮುಂದಿನ್ ಸ್ಟೇಷನ್ನಲ್ಲಿ ಸಿಗುತ್ತಂತೆ, ನಿಜಾನಾ?" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಕ್ಕ ಮಾತ್ರ "ಸುಮ್ನಿರಪ್ಪ, ಪಾಪ" ಎನ್ನುತ್ತಿದ್ದಳು. ಆ ಪಾಪ ಎಂಬ ಮಾತೂ ನನಗೆ ಬೇಕಾಗಿರಲಿಲ್ಲ.

ನನ್ನ ಪರವಾಗಿ ಮಾತಾಡುತ್ತಿದ್ದವರು ಚಿಂತಾಮಣಿಯ ತಾತ ಒಬ್ಬರೇ. ಅವರು ನಮ್ಮಿಬ್ಬರ ಅಮ್ಮಂದಿರ ತಂದೆ. ಅಂಬಾಜಿದುರ್ಗದ ಕಡೆಗೆ ಮುಖ ಮಾಡಿದ ಜಗಲಿಯಲ್ಲಿ ಕೂತು ಹೇಳುತ್ತಿದ್ದರು: "ಗೌರಿಬಿದನೂರಿನ ಹಳಿ ಅವರಿಗೋಸ್ಕರ ಹಾಕಿದ್ದಲ್ಲ ತಲ್ಲಿ. ಯಾವ್ದೋ ದೂರದೂರಿಗೆ ಹೋಗೋ ದಾರೀಲಿ ಅವರೂರು ಸಿಕ್ತು, ಅಷ್ಟೇ. ನಮ್ದು ನಮಗೇ ಅಂತ ಹಾಕಿದ್ದು. ನಾನು ಹುಡುಗ ಆಗ. ನಮ್ಮಪ್ಪ ಹೊಲದಂಚು ಬಿಟ್ಕೊಟ್ರು. ಕೆಮ್ಮಣ್ಣು ಹೊತ್ತು ಕಟ್ಟೆ ಹಾಕಿದ್ದು ನಮ್ಮೂರೋರೇ." ಅದಕ್ಕೆ ಮುಂಚೆ ಬೆಂಗಳೂರಿಗೆ ಎತ್ತಿನ ಗಾಡಿ ಕಟ್ಟಿದರೆ ದಾರಿಯಲ್ಲಿ ಎರಡು ರಾತ್ರಿ ತಂಗಬೇಕಾಗಿತ್ತಂತೆ. ಮೊದಲನೆಯ ರೈಲು ಬಂದ ದಿನ ಊರಿನವರು ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದರಂತೆ. ನಾನು ಇದನ್ನೆಲ್ಲ ಗಟ್ಟಿ ಮಾಡಿಕೊಂಡೆ, ಅಕ್ಕನಿಗೆ ಹೇಳಲು. ಹೇಳಿದಾಗ ಅವಳು ನಿಜವಾಗಿ ಖುಷಿಪಟ್ಟು "ಎಷ್ಟ್ ಚೆನ್ನಾಗಿದೆ ಕಣೇ" ಎಂದಳು. ಅವಳೊಡನೆ ಜಗಳವಾಡಲೂ ಆಗುತ್ತಿರಲಿಲ್ಲ.

ತಾತ ಹೆಮ್ಮೆಪಡುತ್ತಿದ್ದ ಆ "ನಮ್ಮ ಗಾಡಿ"ಯ ಒಂದು ಪದ್ಧತಿಯ ಬಗ್ಗೆ ನನಗೆ ನಾಚಿಕೆಯಿತ್ತು. ಪ್ರತಿ ಸ್ಟೇಷನ್ನಿನಲ್ಲೂ ಹಸಿರು ಬಾವುಟ ತೋರಿಸುವ ಮುಂಚೆ ಗಾರ್ಡು ಡಬ್ಬಿಗಳ ಉದ್ದಕ್ಕೂ ನಡೆದು ಬಂದು, "ಇನ್ಯಾರಾದ್ರೂ ಬರೋರಿದಾರಾ?" ಎಂದು ಕೇಳುತ್ತಿದ್ದರು. "ಗೂಡಿನ ಮಂಕರಿ ಬರ್ತಾ ಐತೆ ಸ್ವಾಮಿ" ಎಂದು ಶಿಡ್ಲಘಟ್ಟದಲ್ಲಿ ಯಾರಾದರೂ ಹೇಳಿದರೆ ರೇಷ್ಮೆಗೂಡಿನ ಮಂಕರಿಗಳು ತಲೆಯ ಮೇಲೆ ಬಂದು ಸೇರುವವರೆಗೆ ಗಾಡಿ ನಿಲ್ಲುತ್ತಿತ್ತು. "ನಮ್ಮತ್ತೆ ಎಲೆ ಅಡಿಕೆ ತರಕ್ಕೋಗವ್ರೆ" ಎಂದರೂ ನಿಲ್ಲುತ್ತಿತ್ತು. ಯಾರೂ ಹೇಳದಿದ್ದರೆ ಹೊರಡುತ್ತಿತ್ತು. ಗೌರಿಬಿದನೂರಿನ ಗಾಡಿ ಯಾರಿಗೂ ಕಾಯುತ್ತಿರಲಿಲ್ಲ. ಅದು ಬರುವ ಹೊತ್ತಿಗೆ ಜನರೇ ಓಡಿ ಬರುತ್ತಿದ್ದರು. ದೊಡ್ಡಸ್ತಿಕೆ ಎಂದರೆ ಅದೇ ಎಂದು ನಾನು ತಿಳಿದಿದ್ದೆ.

ಹೈಸ್ಕೂಲು ಮುಗಿದ ಮೇಲೆ ಅಕ್ಕನನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸುವುದೆಂದು ಒಂದೇ ದಿನದಲ್ಲಿ ತೀರ್ಮಾನವಾಯಿತು. ಹಾಸ್ಟೆಲಿನಲ್ಲಿದ್ದರೂ ಶನಿವಾರ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಾಳಲ್ಲ ಎಂದರು. ನನ್ನ ವಿಷಯದಲ್ಲಿ ಅಪ್ಪ ಮೂರು ವಾರ ಯೋಚಿಸಿದರು. ನಮ್ಮ ಗಾಡಿಯಲ್ಲಿ ಬಂದರೆ ಮನೆ ಸೇರುವಾಗ ಊರೇ ಉಂಡು ಮಲಗಿರುತ್ತದೆ. ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳನ್ನೇ ಕಳಿಸುವ ಮಾತೇ ಇರಲಿಲ್ಲ. ಕೊನೆಗೆ ದೊಡ್ಡಪ್ಪ ಬಂದು, "ನಮ್ ಹುಡ್ಗಿ ಜೊತೇಲಿರ್ತಾಳೆ, ಕಳ್ಸಿ. ಯಲಹಂಕದಿಂದಾಚೆಗೆ ನಮ್ ಜವಾಬ್ದಾರಿ" ಎಂದರು. ಅಪ್ಪ ಒಪ್ಪಿದರು. ಹೀಗೆ ನನ್ನ ವಿದ್ಯಾಭ್ಯಾಸ ಅಕ್ಕನ ಗಾಡಿಯ ಬೆನ್ನಿಗೆ ಕಟ್ಟಿಕೊಂಡು ಶುರುವಾಯಿತು.

ನಾಲ್ಕು ವರ್ಷ ಪ್ರತಿ ಸೋಮವಾರವೂ ಒಂದೇ ಕ್ರಮ. ನಾನು ಚಿಕ್ಕ ಗಾಡಿಯಿಂದ ಯಲಹಂಕದಲ್ಲಿ ಇಳಿದು, ಕಣ್ಣಿನಲ್ಲಿ ಬಿದ್ದ ಕಲ್ಲಿದ್ದಲಿನ ಪುಡಿಯನ್ನು ಸೆರಗಿನ ತುದಿಯಿಂದ ತೆಗೆದುಕೊಂಡು, ದೊಡ್ಡ ಗಾಡಿಗಾಗಿ ಕಾಯುತ್ತಿದ್ದೆ. ಅದು ತುಂಬಿ ತುಳುಕುತ್ತ ಬರುತ್ತಿತ್ತು. ಹೆಂಗಸರ ಡಬ್ಬಿಯ ಕಿಟಕಿಯಿಂದ ಅಕ್ಕನ ಕೈ ಆಡುತ್ತಿತ್ತು. ಗೌರಿಬಿದನೂರಿನಲ್ಲಿಯೇ ಅವಳು ತನ್ನ ಎದುರಿಗಿನ ಕಿಟಕಿ ಪಕ್ಕದ ಜಾಗದ ಮೇಲೆ ನೀಲಿ ಅಂಚಿನ ಟವಲು ಹಾಸಿ ಕೂತಿರುತ್ತಿದ್ದಳು. ದೊಡ್ಡಬಳ್ಳಾಪುರದಲ್ಲಿ ಹತ್ತುವ ಹೆಂಗಸರೊಡನೆ ವಾದ ಮಾಡಿ, ಕೆಲವು ಸಲ ಬೈಸಿಕೊಂಡು, ಆ ಜಾಗ ಕಾಪಾಡುತ್ತಿದ್ದಳು. "ತಂಗಿ ಬರ್ತಾಳೆ, ಯಲಹಂಕದಲ್ಲಿ ಹತ್ತಾಳೆ" ಎಂದು ಅವಳು ಹೇಳುವುದು ಎಷ್ಟೋ ಸಲ ನನಗೆ ಹೊರಗಿನಿಂದಲೇ ಕೇಳಿಸುತ್ತಿತ್ತು. ನಾನು ಟವಲನ್ನು ಮಡಿಸಿ ಅವಳ ಕೈಗೆ ಕೊಟ್ಟು ಕೂರುತ್ತಿದ್ದೆ. ಒಂದು ಸೋಮವಾರವೂ ಅವಳು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ನಾನು ಅವಳನ್ನು ಇನ್ನೂ ಸ್ವಲ್ಪ ಸುಲಭವಾಗಿ ಪ್ರೀತಿಸುತ್ತಿದ್ದೆ.

ಎರಡನೆಯ ವರ್ಷ ನಮ್ಮ ಗಾಡಿಗೆ ಹೊಸ ಎಂಜಿನ್ ಬಂತು. ಹೊಳೆಯುವ ಕಪ್ಪು ಮೈ, ಬೇರೆಯದೇ ಸೀಟಿ. ಏರಿನಲ್ಲಿ ಮೊದಲಿನ ಹಾಗೆ ಏದುಸಿರು ಬಿಡುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಅದನ್ನು ನೋಡಲು ಜನ ಸೇರಿದ್ದರು. ಆ ಸೋಮವಾರ ನಾನು ಕೂರುವುದಕ್ಕೆ ಮುಂಚೆಯೇ ಸುದ್ದಿ ಹೇಳಿದೆ. ಅಕ್ಕ ಎಲ್ಲ ಕೇಳಿ, "ಸದ್ಯ, ನಿಂಗೆ ಇನ್ಮೇಲೆ ಇಷ್ಟು ಬೇಗ ಏಳೋದು ತಪ್ಪುತ್ತೆ" ಎಂದಳು. ಆಮೇಲೆ ತಾನಾಗಿಯೇ ನೆನಪಾದಂತೆ ಮೇಲೆ ನೋಡಿ, "ನಮ್ಗೂ ಈ ವಾರದಿಂದ ಫ್ಯಾನ್ ಹಾಕಿದಾರೆ ಕಣೇ" ಎಂದಳು. ತಲೆಯೆತ್ತಿದೆ. ಹೊಸ ಫ್ಯಾನು ತಿರುಗುತ್ತಿತ್ತು. ಬೆಂಗಳೂರು ಬರುವವರೆಗೂ ನನ್ನ ಮುಂಗುರುಳು ಹಾರುತ್ತಲೇ ಇತ್ತು.

ಓದಿನಲ್ಲಿಯೂ ಅವಳು ನನಗಿಂತ ನಾಲ್ಕೈದು ಅಂಕ ಮುಂದೆ. ನಾನು ಟಿಪ್ಪಣಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಇಸವಿಗಳನ್ನು ಗೋಡೆಗೆ ಅಂಟಿಸಿ ಓದುತ್ತಿದ್ದೆ. ಅವಳು ನನ್ನ ಟಿಪ್ಪಣಿಯನ್ನು ಒಂದು ಸಲ ತಿರುವಿ ಹಾಕಿ ಹೆಚ್ಚು ಅಂಕ ತೆಗೆಯುತ್ತಿದ್ದಳು. ಬಿ.ಎ. ಕೊನೆಯ ವರ್ಷ ಅವಳಿಗೆ ಮದುವೆ ಗೊತ್ತಾಯಿತು. ವೈಶಾಖದಲ್ಲಿ ಮುಹೂರ್ತ, ವರ ಇಂಜಿನಿಯರು. ಗಂಡಿನ ಮನೆಯವರು ಒಂದು ಮಾತು ಹೇಳಿದ್ದರು: ಪರೀಕ್ಷೆ ಮದುವೆಗೆ ಮುಂಚೆ ಮುಗಿಯಬೇಕು, ಮನೆ ತುಂಬಿಸಿಕೊಂಡ ಮೇಲೆ ಕಾಲೇಜಿನ ಮಾತು ಬರಬಾರದು. ಹಾಸ್ಟೆಲಿನ ಕೋಣೆಯಲ್ಲಿ ಅಕ್ಕ ಇದನ್ನು ಹೇಳುತ್ತ ಮೊದಲ ಸಲ ಗಂಭೀರವಾಗಿದ್ದಳು. "ಈ ಸಲ ಆಗ್ಲಿಲ್ಲ ಅಂದ್ರೆ ಆಗ್ಲೇ ಇಲ್ಲ ಕಣೇ. ನಾಲ್ಕು ವರ್ಷ ಟವಲ್ ಹಾಸಿದ್ದಷ್ಟೇ ಬಂತು."

ಕೊನೆಯ ಪತ್ರಿಕೆ ಇತಿಹಾಸ, ಸೋಮವಾರ ಮಧ್ಯಾಹ್ನ ಎರಡಕ್ಕೆ. ಹಿಂದಿನ ದಿನ ಯುಗಾದಿ. ಹಬ್ಬಕ್ಕೆ ಇಬ್ಬರೂ ಊರಿಗೆ ಹೋದೆವು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷದ ತೊಡಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆಂಬ ನಂಬಿಕೆ. ಅಂದು ಯಾರೂ ಜಗಳ ಕಾಯುವುದಿಲ್ಲ, ಮಕ್ಕಳಿಗೆ ಹೊಡೆಯುವುದಿಲ್ಲ. "ತೊಡಕಿನ್ ದಿನ ಪರೀಕ್ಷೆ ಬರಿತೀಯ, ಇನ್ನು ವರ್ಷವೆಲ್ಲ ಬರೀತಾನೇ ಇರು" ಎಂದು ಅಮ್ಮ ನಗಾಡಿ ಬುತ್ತಿ ಕಟ್ಟಿಕೊಟ್ಟರು.

ಬೆಳಿಗ್ಗೆ ಶಿಡ್ಲಘಟ್ಟದ ಸ್ಟೇಷನ್ ಮಾಸ್ಟರು ನನ್ನನ್ನು ಕಿಟಕಿಯಿಂದ ಕರೆದರು.

"ಬಾಮ್ಮ ಇಲ್ಲಿ. ಗೌರಿಬಿದನೂರಿಂದ ತಂತಿ ಬಂದಿದೆ. ಮಾಕಳಿದುರ್ಗದ ಹತ್ರ ಹಳಿ ಮೇಲೆ ಬಂಡೆ ಉರುಳಿದೆಯಂತೆ, ಇವತ್ತು ಆ ಕಡೆಯಿಂದ ಗಾಡಿ ಬರಲ್ಲ. ಬೆಂಗಳೂರಿನ ಬಸ್ಸೂ ಹೊರಟೋಗಿದೆಯಂತೆ, ನಿಮ್ಮಕ್ಕ ಬೇರೆ ಬಸ್ಸಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು ನಮ್ ಗಾಡಿ ಹತ್ತಾಳಂತೆ. ಅವಳು ಬರೋವರ್ಗೂ ಗಾರ್ಡ್‌ಗೆ ಹೇಳಿ ನಿಲ್ಲಿಸ್ಕೊ."

"ನೀವೇ ಹೇಳ್ತೀರಾ ಸಾರ್?"

"ನಾನು ಹೇಳಿದ್ರೆ ಅದು ರೈಲ್ವೆ ಮಾತಾಗುತ್ತಮ್ಮ, ಪುಸ್ತಕದಲ್ಲಿ ಬರೀಬೇಕು. ನೀನು ಹೇಳಿದ್ರೆ ಬಾಯ್ಮಾತು."

ಚಿಕ್ಕಬಳ್ಳಾಪುರ ಬರುವವರೆಗೂ ಹೇಳಬೇಕೆಂದೇ ಇದ್ದೆ. ಇದನ್ನು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ಅದು ನಿಜ. ಎದುರಿನ ಜಾಗದ ಮೇಲೆ ನನ್ನ ಪುಸ್ತಕಗಳನ್ನೂ ಬುತ್ತಿಯನ್ನೂ ಹರಡಿದ್ದೆ. ಯಾರಾದರೂ ಎದುರಿಗೆ ಕೂತು ಮಾತಿಗೆಳೆದರೆ ಓದಿದ್ದು ಮರೆತುಹೋಗುತ್ತದೆಂದು ಹಾಗೆ ಮಾಡಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಗಾಡಿ ನಿಂತಿತು. ಬಸ್ಸು ಬರುವ ದಾರಿ ಖಾಲಿಯಿತ್ತು. ಹಬ್ಬದ ಮಾರನೆಯ ದಿನವಾದ್ದರಿಂದ ಸ್ಟೇಷನ್ನಿನಲ್ಲಿಯೂ ಜನ ಕಡಿಮೆ. ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸು ಆಗಲೇ ಹೋಗಿತ್ತು, ಮುಂದಿನದು ಮಧ್ಯಾಹ್ನಕ್ಕೆ. ಈ ಗಾಡಿ ತಪ್ಪಿದರೆ ಅಕ್ಕ ಪರೀಕ್ಷೆಗೆ ಬರುವಂತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗಾರ್ಡು ಎಂದಿನಂತೆ ನಡೆದು ಬಂದರು. ನನ್ನನ್ನು ಹೈಸ್ಕೂಲಿನ ದಿನಗಳಿಂದ ಬಲ್ಲವರು.

"ಪರೀಕ್ಷೆನೇನಮ್ಮ ಇವತ್ತು? ಮೊಕ ನೋಡಿದ್ರೇ ಗೊತ್ತಾಗುತ್ತೆ. ಇನ್ಯಾರಾದ್ರೂ ಬರೋರಿದಾರಾ?"

ಆ ಅರ್ಧ ನಿಮಿಷದಲ್ಲಿ ನನಗೆ ಅವಳ ಮದುವೆ ನೆನಪಾಗಲಿಲ್ಲ, ಅಂಕಗಳೂ ನೆನಪಾಗಲಿಲ್ಲ. ನೆನಪಾದದ್ದು ನೀಲಿ ಅಂಚಿನ ಟವಲು. ಒಂದೇ ಒಂದು ಸಲ ಅವಳಿಲ್ಲದೆ, ಯಾರೂ ಹಿಡಿದಿಟ್ಟಿರದ ಜಾಗದಲ್ಲಿ ಕೂತು, ನನ್ನ ಗಾಡಿಯಲ್ಲಿ ನಾನು ಬೆಂಗಳೂರಿಗೆ ಹೋಗಬೇಕೆನ್ನಿಸಿತು. ನಾನು ಕಿಟಕಿಯ ಆಚೆ ನೋಡುತ್ತ ತಲೆ ಅಲ್ಲಾಡಿಸಿದೆ. ಬಾಯಲ್ಲಿ ಇಲ್ಲ ಎನ್ನಲಿಲ್ಲ. ಬಾಯಲ್ಲಿ ಹೇಳಿರಲಿಲ್ಲವೆಂಬುದನ್ನು ಆಮೇಲೆ ಬಹಳ ದಿನ ಹಿಡಿದುಕೊಂಡಿದ್ದೆ.

ಬಾವುಟ ಬೀಸಿದರು. ಗಾಡಿ ಹೊರಟಿತು.

ನಂದಿ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ನೀರು ತುಂಬಿಸುತ್ತಾರೆ. ಅಲ್ಲಿ ಯಾವಾಗಲೂ ಹತ್ತು ಹದಿನೈದು ನಿಮಿಷ ತಡ. ಪುಸ್ತಕ ತೆರೆದುಕೊಂಡಿದ್ದೆ, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಎಂಜಿನ್ ಎರಡು ಮೂರು ಸಲ ಸೀಟಿ ಹಾಕಿತು, ಹೊರಡಲಿಲ್ಲ. ಬೇಗ ಹೊರಡಲಿ ಎಂದು ಬೇಡುತ್ತಿದ್ದೆನೋ, ಹೊರಡದಿರಲಿ ಎಂದು ಬೇಡುತ್ತಿದ್ದೆನೋ, ಈಗಲೂ ಹೇಳಲಾರೆ. ಆಗ ಕುದುರೆಯ ಗೆಜ್ಜೆಯ ಸದ್ದು ಕೇಳಿಸಿತು.

ಜಟಕಾದಿಂದ ಮೊದಲು ಇಳಿದವರು ದೊಡ್ಡಪ್ಪ. ಪಂಚೆ ಎತ್ತಿ ಕಟ್ಟಿದ್ದರು, ತಲೆಯ ಮೇಲೆ ರುಮಾಲು ಇರಲಿಲ್ಲ. ಹಿಂದೆ ಅಕ್ಕ, ಮುಖವೆಲ್ಲ ಧೂಳು, ಎದೆಗೆ ಅವುಚಿದ ಪುಸ್ತಕಗಳು. ಬಸ್ಸು ಚಿಕ್ಕಬಳ್ಳಾಪುರಕ್ಕೆ ಬಂದಾಗ ಗಾಡಿಯ ಬಾಲ ಕಾಣಿಸುತ್ತಿತ್ತಂತೆ. ದೊಡ್ಡಪ್ಪ ನೇರವಾಗಿ ಗಾರ್ಡಿನ ಮೇಲೆ ಹೋದರು.

"ಏನ್ರೀ, ಐದು ನಿಮಿಷ ನಿಲ್ಸಕ್ಕಾಗ್ಲಿಲ್ವಾ ನಿಮ್ಗೆ? ಊರಲ್ಲಿರೋ ಮಂಕರಿಗೆಲ್ಲ ನಿಲ್ಲಿಸ್ತೀರ. ನಮ್ ಹುಡ್ಗಿ ಹೇಳಿರ್ಲಿಲ್ವಾ?"

ಗಾರ್ಡು ಕಿಟಕಿಯಲ್ಲಿದ್ದ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಕಣ್ಣು ತೆಗೆಯಲಾಗಲಿಲ್ಲ.

"ಹೇಳಿದ್ರು ಸ್ವಾಮಿ. ನಂಗೇ ಮರ್ತೋಯ್ತು. ತಪ್ಪಾಯ್ತು" ಎಂದರು.

ಅಕ್ಕ ಡಬ್ಬಿ ಹತ್ತಿ ಬಂದಳು. ನನ್ನ ಎದುರಿನ ಜಾಗದಲ್ಲಿ ಹರಡಿದ್ದ ಪುಸ್ತಕ, ಬುತ್ತಿ ನೋಡಿ ಅವಳ ಮುಖ ಅರಳಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೋಡಪ್ಪ, ಜಾಗ ಹಿಡಿದಿಟ್ಟಿದಾಳೆ. ನಾನ್ ಹೇಳ್ಲಿಲ್ವಾ, ಅವ್ಳು ಮರೆಯಲ್ಲ ಅಂತ?" ಎಂದಳು.

ದೊಡ್ಡಪ್ಪನ ಕೋಪ ಇಳಿದಿತ್ತು. "ನಿಮ್ ರೈಲನ್ನ ಜಟಕಾದಲ್ಲಿ ಹಿಡೀಬಹುದು ಅಂತ ಹತ್ತು ವರ್ಷದಿಂದ ಹೇಳ್ತಿದ್ದೆ, ನೀನು ಮೊಕ ಊದಿಸ್ಕೋತಿದ್ದೆ. ಇವತ್ತು ಹಿಡ್ದೆ ನೋಡಮ್ಮ" ಎಂದರು. ಡಬ್ಬಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ಪುಸ್ತಕಗಳನ್ನು ಎತ್ತಿಕೊಂಡು ಜಾಗ ಬಿಟ್ಟೆ. ಅಕ್ಕ ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಒಬ್ಬಟ್ಟು ತೆಗೆದು ನನ್ನ ಕೈಗೆ ಒಂದು ಕೊಟ್ಟಳು. ಧೂಳು ಮುಖದಲ್ಲೇ ತಾನೂ ತಿನ್ನುತ್ತ, "ಈಗ ಆ ಇಸವಿಗಳನ್ನ ಒಂದ್ಸಲ ಹೇಳ್ಬಿಡೇ" ಎಂದಳು. ಯಲಹಂಕದವರೆಗೂ ಹೇಳಿಕೊಟ್ಟೆ. ಒಂದನ್ನೂ ತಪ್ಪು ಹೇಳಲಿಲ್ಲ. ಅಲ್ಲಿಂದ ಸಿಟಿ ಬಸ್ಸು ಹತ್ತಿ ಹೊತ್ತಿಗೆ ಮುಂಚೆಯೇ ಕಾಲೇಜು ಸೇರಿದೆವು.

ಇಬ್ಬರೂ ಪಾಸಾದೆವು. ಆ ಪತ್ರಿಕೆಯಲ್ಲಿ ಅವಳಿಗೆ ನನಗಿಂತ ಆರು ಅಂಕ ಹೆಚ್ಚು ಬಂತು. ವೈಶಾಖದಲ್ಲಿ ಮದುವೆಯಾಯಿತು. ಅವಳು ಗಂಡನ ಊರಿಗೆ ಹೋದಳು. ನಾನು ಮುಂದೆ ಓದಿ, ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ದಿನವೂ ಶಿಡ್ಲಘಟ್ಟದಿಂದ ಅದೇ ಗಾಡಿಯಲ್ಲಿ ಓಡಾಡುತ್ತೇನೆ.

ಗಾರ್ಡು ನಿವೃತ್ತರಾಗುವ ತಿಂಗಳು ಒಂದು ಸಂಜೆ ಚಿಕ್ಕಬಳ್ಳಾಪುರದ ಪ್ಲಾಟ್‌ಫಾರಂ ಮೇಲೆ ಅವರನ್ನು ಮಾತಾಡಿಸಿದೆ. ಮಾತು ಕೂಡಿಸಿಕೊಳ್ಳಲು ನನಗೆ ಅಷ್ಟು ವರ್ಷ ಹಿಡಿದಿತ್ತು.

"ಅವತ್ತು ನೀವು ನನ್ನ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡ್ರಿ."

"ಯಾವತ್ತಮ್ಮ?" ಎಂದವರು ನೆನಪಾಗಿ, "ಓ, ಜಟಕಾ" ಎಂದು ನಕ್ಕರು. "ನೀರು ಅವತ್ತು ಬೇಗ್ನೆ ತುಂಬ್ತು. ಡ್ರೈವರು ಸೀಟಿ ಹಾಕ್ತಾನೇ ಇದ್ದ. ನಾನು ಹಿಂದ್ಗಡೆ ಡಬ್ಬೀಲಿರೋನಲ್ವಾ, ಊರು ಬಿಟ್ಟಾಗ್ಲೇ ಜಟಕಾ ಕಾಣಿಸ್ತು. ಒಂದು ಹೆಣ್ಮಗು, ಕೈಯಲ್ಲಿ ಪುಸ್ತಕ. ಅದಕ್ಕೇ ಬಾವುಟ ತೋರಿಸ್ಲಿಲ್ಲ. ಇಪ್ಪತ್ತು ನಿಮಿಷ ಹೆಚ್ಚಿಗೆ ನಿಲ್ಸಿದ್ದೆ."

"ನಾನು ತಲೆ ಅಲ್ಲಾಡಿಸಿದ್ದು ನೋಡಿದ್ರಾ?"

"ನೋಡ್ದೆ. ಅಕ್ಕತಂಗಿ ಅಂದ್ಮೇಲೆ ಇರುತ್ತೆ ಬಿಡಮ್ಮ. ನಮ್ಮನೇಲೂ ಇಬ್ರಿದಾರೆ."

ಅವರು ಡಬ್ಬಿಗಳ ಉದ್ದಕ್ಕೂ ನಡೆದು ಹೋದರು. ಸಮಾಧಾನವಾಗಬೇಕಾಗಿತ್ತು. ಅಷ್ಟು ವರ್ಷ ನಾನು ಅಂದುಕೊಂಡಿದ್ದೆ, ಅಕ್ಕನ ಬಾಳು ಕೆಡದಂತೆ ಉಳಿಸಿದ್ದು ನಮ್ಮ ಗಾಡಿಯ ನಿಧಾನ ಎಂದು. ಆ ನಿಧಾನವನ್ನು ಕ್ಷಮಿಸಿಯೂ ಇದ್ದೆ. ಈಗ ಗೊತ್ತಾಯಿತು, ಅದು ನಿಧಾನವಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ನಾನು ಗೇಣು ಹಾಕಿ ಅಳೆದ, ಸುಳ್ಳು ಹೇಳಿ ಒಂದು ಗೇಣು ಅಗಲಿಸಿದ, ನನ್ನದೆಂದುಕೊಂಡಿದ್ದ ಗಾಡಿ ಕೂಡ ಆ ದಿನ ಅವಳಿಗಾಗಿಯೇ ನಿಂತಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಹಳೆಯ ಉರಿಯೇ.

ಈ ವರ್ಷ ಹಳಿಯ ಪಕ್ಕದಲ್ಲಿ ಸರಪಳಿ ಹಿಡಿದ ಸರ್ವೆಯವರು ಕಾಣಿಸಿಕೊಂಡಿದ್ದಾರೆ. ಹಳಿ ಅಗಲ ಮಾಡುತ್ತಾರಂತೆ, ಡೀಸೆಲ್ ಎಂಜಿನ್ ಬರುತ್ತದಂತೆ, ಮಂಕರಿಗಳಿಗೆ ಕಾಯುವುದೆಲ್ಲ ನಿಲ್ಲುತ್ತದಂತೆ. ಯಾವಾಗ ಎಂದು ಯಾರೂ ಹೇಳುವುದಿಲ್ಲ. ನಾನು ಈ ಸುದ್ದಿ ಬರೆದದ್ದಕ್ಕೆ ಅಕ್ಕನ ಕಾಗದ ಬಂದಿದೆ. ಅಗಲವಾಗುವ ಮುಂಚೆ ಮಕ್ಕಳಿಗೆ ನಮ್ಮ ಗಾಡಿ ತೋರಿಸಬೇಕಂತೆ. ಯುಗಾದಿಗೆ ಗೌರಿಬಿದನೂರಿಗೆ ಬಂದವಳು ತೊಡಕಿನ ದಿನ ಚಿಕ್ಕಬಳ್ಳಾಪುರಕ್ಕೆ ಬರುತ್ತಾಳಂತೆ. ಅಲ್ಲಿಂದ ಯಲಹಂಕದವರೆಗೆ ಚಿಕ್ಕ ಗಾಡಿ. "ಅವತ್ತಿನ ಹಾಗೇ ಜಾಗ ಹಿಡಿದಿಟ್ಟಿರು" ಎಂದು ಬರೆದಿದ್ದಾಳೆ.

ಆ ದಿನದ ನಿಜ ಅವಳಿಗೆ ಹೇಳಬೇಕು. ನಂದಿ ಬರುವ ಮುಂಚೆ ಹೇಳಿಬಿಡಬೇಕೆಂದುಕೊಂಡಿದ್ದೇನೆ. ಟವಲು ತೆಗೆದುಕೊಂಡು ಹೋಗುತ್ತೇನೆ, ಗಾರ್ಡು ಕೇಳಿದರೆ ಬರುವವರಿದ್ದಾರೆ ಎಂದು ಬಾಯಿಬಿಟ್ಟು ಹೇಳುತ್ತೇನೆ. ಜಾಗವನ್ನೂ ಹಿಡಿಯುತ್ತೇನೆ. ಕಿಟಕಿ ಪಕ್ಕದ್ದನ್ನು ಅವಳಿಗೆ ಬಿಡುತ್ತೇನೋ ಇಲ್ಲವೋ, ಇನ್ನೂ ಗೊತ್ತಿಲ್ಲ.